ತೊಪ್ಪೂರು ಘಾಟಿಗೆ ತಕ್ಕ ಕಾರು

ಧರ್ಮಪುರಿ
೮ ಜೂನ್ ೧೯೯೭

ಪ್ರಿಯ ಆರತಿ,

ನಾನು ಕ್ಷೇಮ. ನೀನೂ ಅತ್ತೆಯವರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಫೋನು ಮಾಡಿದರೆ ನೀನು "ಹೂಂ" ಎನ್ನುವುದಷ್ಟೇ ಕೇಳಿಸುತ್ತದೆ. ಬೂತಿನಲ್ಲಿ ನನ್ನ ಹಿಂದೆ ನಿಂತವರು ಕೆಮ್ಮತೊಡಗುತ್ತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮಗು ಹೋಗಿ ಮೂರು ತಿಂಗಳಾಗುತ್ತಾ ಬಂತು. ಅದರ ವಿಷಯ ಬರೆಯುವುದಿಲ್ಲ, ಹೆದರಬೇಡ. ನಿನ್ನ ಹೆಡ್‌ಮಿಸ್ಟ್ರೆಸ್ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದರು. ದಸರೆಯವರೆಗೂ ರಜೆ ಮುಂದುವರಿಸಬಹುದು, ನಿಧಾನವಾಗಿ ಬರಲಿ ಎಂದರು.

ಕೇಳಬೇಕಾದ ವಿಷಯ ಬೇರೆ ಇದೆ. ಕಾರು ತೆಗೆದುಕೊಳ್ಳೋಣವೇ? ವಕೀಲ ಗೋವಿಂದಪ್ಪನವರು ತಮ್ಮ ಜೆನ್ ಕಾರನ್ನು ಕೊಡುತ್ತಾರಂತೆ. ಕೆಂಪು ಬಣ್ಣದ್ದು, ನೀನೂ ನೋಡಿದ್ದೀಯ, ಕೋರ್ಟಿನ ಬೇವಿನ ಮರದ ಕೆಳಗೆ ನಿಲ್ಲಿಸುತ್ತಿದ್ದರು. ಹೊಸದು ನಮ್ಮ ಕೈಗೆ ಎಟುಕುವುದಿಲ್ಲ, ಇದು ಎಟುಕುತ್ತದೆ. ಇಂಜಿನ್ ಸಣ್ಣದೇ. ಆದರೆ ಗಾಡಿ ಹಗುರ. ಬಲ ಎಷ್ಟಿದೆ ಎನ್ನುವುದಕ್ಕಿಂತ ಆ ಬಲ ಎಷ್ಟು ತೂಕವನ್ನು ಎಳೆಯಬೇಕು ಎನ್ನುವುದು ಮುಖ್ಯ ಎಂದು ತರಗತಿಯಲ್ಲಿ ವರ್ಷವೂ ಹೇಳುತ್ತೇನಲ್ಲ, ಅದನ್ನು ಈ ಕಾರಿನಲ್ಲಿ ಕೂತು ಕಂಡೆ. ಕಾಲಿಟ್ಟರೆ ಸಾಕು, ಹಾರುತ್ತದೆ. ಏರಿನಲ್ಲಿ ಲಾರಿಯ ಹಿಂದೆ ಹೊಗೆ ಕುಡಿಯುತ್ತಾ ತೆವಳಬೇಕಾಗಿಲ್ಲ.

ಅನನುಕೂಲಗಳೂ ಇವೆ. ನೆಲಕ್ಕೆ ತಗ್ಗು. ನಮ್ಮ ಬೀದಿಯ ಕೊನೆಯ ಗುಂಡಿಯಲ್ಲಿ ಹೊಟ್ಟೆ ತಾಗೀತು. ಹಾಯಾಗಿ ಓಡಿಸಿದರೆ ಪೆಟ್ರೋಲು ಕಡಿಮೆ, ಜೋರಾಗಿ ಓಡಿಸಿದರೆ ಜಾಸ್ತಿ, ಮತ್ತು ಅದನ್ನು ಹಾಯಾಗಿ ಓಡಿಸಲು ಮನಸ್ಸು ಬರುವುದಿಲ್ಲ. ಹಿಂದೆ ಡಿಕ್ಕಿ ಎಂದು ಬೇರೆ ಇಲ್ಲ, ಹಿಂಬಾಗಿಲನ್ನೇ ಮೇಲಕ್ಕೆತ್ತಿ ಸಾಮಾನು ಇಡಬೇಕು.

ನಿನ್ನ ಅಭಿಪ್ರಾಯ ಬರೆ.

ನಿನ್ನ
ಕೃಷ್ಣಪ್ರಸಾದ್


ಸೇಲಂ, ಅರಿಸಿಪಾಳ್ಯಂ
೧೫ ಜೂನ್ ೧೯೯೭

ಇವರಿಗೆ ಆರತಿಯ ನಮಸ್ಕಾರಗಳು.

ಕಾಗದ ಬಂತು. ನಾನು ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಅಜ್ಜಿ ಕಲಿಸಿದ್ದು. ತಪ್ಪಿದ್ದರೆ ತಿದ್ದಿಕೊಳ್ಳಿ. ಕನ್ನಡದಲ್ಲಿ ಬರೆಯುವುದರಿಂದ ಒಂದು ಅನುಕೂಲವೂ ಇದೆ. ಪಕ್ಕದ ಮನೆಯ ಪಾಪಾತಿ ನಮ್ಮ ಟಪಾಲನ್ನೆಲ್ಲ ತಿರುಗಿಸಿ ನೋಡುತ್ತಾಳೆ. ಕನ್ನಡವಾದರೆ ಅವಳಿಗೆ ಓದಲು ಬಾರದು.

ಅಮ್ಮ ಚೆನ್ನಾಗಿದ್ದಾಳೆ. ನಾನು ಊಟ ಮಾಡುತ್ತಿದ್ದೇನೆ, ನಿದ್ದೆ ಮಾಡುತ್ತಿದ್ದೇನೆ. ಮಧ್ಯಾಹ್ನ ಅಮ್ಮ ಅಕ್ಕಿ ಆರಿಸಲು ಕೊಡುತ್ತಾಳೆ. ಆರಿಸಿದ ಅಕ್ಕಿಯನ್ನೇ ಮತ್ತೆ ಕೊಡುತ್ತಾಳೆಂದು ನನಗೆ ಗೊತ್ತು. ಸುಮ್ಮನೆ ಆರಿಸುತ್ತೇನೆ.

ಕಾರಿನ ವಿಷಯ. ನೀವು ಕಾಲೇಜಿಗೆ ನಡೆದೇ ಹೋಗುತ್ತೀರಿ. ನನ್ನ ಶಾಲೆ ಮೂರನೆಯ ಬೀದಿ. ಸ್ಕೂಟರ್ ಇದೆ. ಅಷ್ಟು ಬೇಗ ಹೋಗಬೇಕಾದ ಜಾಗ ನಮಗೆ ಯಾವುದಿದೆ? ಅಮ್ಮ ಮಂಡಿ ಬಗ್ಗಿಸಿ ಅಷ್ಟು ತಗ್ಗಿನಲ್ಲಿ ಕೂರಲಾರಳು. ಕೆಂಪು ಬಣ್ಣ ನಿಮಗೆ ಎಂದೂ ಹಿಡಿಸುತ್ತಿರಲಿಲ್ಲ.

ಇನ್ನೊಂದು ಮಾತು. ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?

ಆರತಿ


ಧರ್ಮಪುರಿ
೨೨ ಜೂನ್ ೧೯೯೭

ಪ್ರಿಯ ಆರತಿ,

ನೀನು ಇಷ್ಟು ಬರೆದದ್ದೇ ಸಂತೋಷ. ಅಕ್ಷರ ಚೆನ್ನಾಗಿದೆ.

ಹಿಂದಿನ ಸೀಟಿನ ವಿಷಯ ನೀನು ಕೇಳಿದ್ದು ಸರಿಯಾಯಿತು, ನಾನದನ್ನು ನೋಡಿರಲಿಲ್ಲ. ಇಂದು ಕೂತು ನೋಡಿದೆ. ಇಬ್ಬರು ಆರಾಮವಾಗಿ ಕೂರಬಹುದು. ಮುಂದಿನ ಸೀಟನ್ನು ಸ್ವಲ್ಪ ಎಳೆದುಕೊಂಡರೆ ಅತ್ತೆಯವರೂ ಕಾಲು ಚಾಚಬಹುದು. ಮೂವರಾದರೆ ಇಕ್ಕಟ್ಟು. ಆದರೆ ಮೂವರು ಕೂರುವ ಸಂದರ್ಭ ನಮಗೆ ಅಪರೂಪ.

ಗೋವಿಂದಪ್ಪನವರು ಇಡೀ ಬೆಳಗ್ಗೆ ನನಗೇ ಬಿಟ್ಟುಕೊಟ್ಟರು. ಸೇಲಂ ರಸ್ತೆಯಲ್ಲಿ ತೊಪ್ಪೂರಿನವರೆಗೂ ಹೋಗಿ ಬಂದೆವು. ಘಾಟಿಯಲ್ಲಿ ಮಾಮೂಲಿನಂತೆ ಲಾರಿಗಳ ಸಾಲು. ಸಂದು ಸಿಕ್ಕಿದ ಕಡೆಯಲ್ಲೆಲ್ಲ ನುಗ್ಗಿಸಿದೆ. ಪಕ್ಕದಲ್ಲಿದ್ದ ಗೋವಿಂದಪ್ಪನವರು ಡ್ಯಾಶ್‌ಬೋರ್ಡ್ ಹಿಡಿದುಕೊಂಡು "ಮೆಲ್ಲಗೆ ಮೇಷ್ಟ್ರೇ, ಮಾರೋ ಗಾಡಿ ಇದು, ಸಾಯೋ ಗಾಡಿ ಅಲ್ಲ" ಎಂದರು. ಸಾಲಿನ ತುದಿ ದಾಟಿ ಮುಂದೆ ರಸ್ತೆ ಖಾಲಿಯಾಗಿ ಕಂಡಾಗ ಎಷ್ಟೋ ದಿನದ ಮೇಲೆ ಸರಿಯಾಗಿ ಉಸಿರಾಡಿದೆ.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನ ಬಳಿ ಮಾರಿಯಪ್ಪ ತನ್ನ ಟ್ಯಾಕ್ಸಿಗೆ ಒರಗಿ ನಿಂತಿದ್ದ. ನಮಸ್ಕಾರ ಮಾಡಿದ. ನಾನು ನೋಡದವನಂತೆ ಬಂದೆ. ಕಾಲೇಜಿನಲ್ಲಿ ಎಲ್ಲರಿಗೂ ಹೇಳಿದ್ದೇನೆ, ತುರ್ತು ಎಂದರೆ ಅವನ ಗಾಡಿ ಕರೆಯಬೇಡಿ ಎಂದು. ಡಾಕ್ಟರುಗಳ ಮನೆಗಳಲ್ಲೂ ಹೇಳಿದ್ದೇನೆ.

ನಿನ್ನ
ಕೃಷ್ಣಪ್ರಸಾದ್


ಸೇಲಂ
೧೦ ಜುಲೈ ೧೯೯೭

ಇವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಕಾರಣವೇನೂ ಇಲ್ಲ.

ನಿಮ್ಮ ಕಾಗದದ ತುಂಬ ಕಾರೇ ಇತ್ತು. ನಿಮಗೆ ಹೊಸದೊಂದರ ಕಡೆ ಮನಸ್ಸು ಹೋಗಿರುವುದು ಒಳ್ಳೆಯದೇ. ನನಗೆ ಹಾಗೆ ಆಗುತ್ತಿಲ್ಲ. ಗಂಡಸರಿಗೆ ಬೇಗ ಆಗುತ್ತದೆಂದು ಅಮ್ಮ ಹೇಳುತ್ತಾಳೆ.

ಮಾರಿಯಪ್ಪ ಏನು ತಪ್ಪು ಮಾಡಿದ? ಮದುವೆಯಾದ ಹೊಸದರಲ್ಲಿ ಕಾಲೇಜು ಮೈದಾನದಲ್ಲಿ ನಿಮಗೆ ಕಾರು ಓಡಿಸುವುದನ್ನು ಕಲಿಸಿದವನು ಅವನು. ನಾನು ಕಟ್ಟೆಯ ಮೇಲೆ ಕೂತು ನಗುತ್ತಿದ್ದೆ.

ಕಾರು ನಿಮ್ಮಿಷ್ಟ.

ಆರತಿ


ಧರ್ಮಪುರಿ
೧೪ ಜುಲೈ ೧೯೯೭

ಆರತಿ,

ಬರೆಯುವುದಿಲ್ಲ ಎಂದಿದ್ದೆ. ಈಗ ಬರೆಯುತ್ತೇನೆ.

ಮಾರಿಯಪ್ಪ ಏನು ತಪ್ಪು ಮಾಡಿದನೆಂದು ಕೇಳಿದ್ದೀಯ. ಅವನು ಕಾದ. ಅದೇ ಅವನ ತಪ್ಪು. ನಿನಗೆ ರಕ್ತ ಹೋಗುತ್ತಿತ್ತು. ತಕ್ಷಣ ಸೇಲಂಗೆ ಕರೆದುಕೊಂಡು ಹೋಗಿ ಎಂದು ಇಲ್ಲಿಯ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಉರಿಬಿಸಿಲು. ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಘಾಟಿಯಲ್ಲಿ ಲಾರಿಗಳ ಸಾಲಿನ ಹಿಂದೆ ಅವನು ತನ್ನ ಅಂಬಾಸಿಡರನ್ನು ಸುಮ್ಮನೆ ನಿಲ್ಲಿಸಿಕೊಂಡ. "ನುಗ್ಸು ಮಾರಿಯಪ್ಪ" ಎಂದು ನಾನು ಕೂಗಿದೆ. "ಎದ್ರು ವಂಡಿ ಬರ್ತೈತೆ ಸಾರ್, ಒಸಿ ಇರಿ" ಎಂದ. ನನ್ನ ಕಣ್ಣ ಮುಂದೆ ಎರಡು ಸಲ ಸಂದು ಬಿತ್ತು. ಆ ಭಾರದ ಗಾಡಿ ಎದ್ದು ಹೋಗುವಷ್ಟರಲ್ಲಿ ಸಂದು ಮುಚ್ಚಿಹೋಯಿತು.

ಈ ಕಾರಾಗಿದ್ದರೆ ಎರಡರಲ್ಲೂ ದಾಟುತ್ತಿತ್ತು. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಓಡಿಸಿ ನೋಡಿದ್ದೇನೆ. ನಾವು ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆವು. ಈಗ ನಾವು ಮೂವರಿರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದು ನೀನು ಕೇಳಿದ್ದು ಏನೆಂದು ನನಗೆ ನಿನ್ನೆ ಅರ್ಥವಾಯಿತು. ಸೀಟನ್ನು ಅಳೆದು ಉತ್ತರ ಬರೆದ ನಾನು ಎಂಥವನು!

ಗೋವಿಂದಪ್ಪನವರಿಗೆ ಮುಂಗಡ ಕೊಟ್ಟಿದ್ದೇನೆ. ಇನ್ನೊಮ್ಮೆ ಯಾರಿಗಾದರೂ ಏನಾದರೂ ಆದರೆ ನಾನು ಇನ್ನೊಬ್ಬನ ಬೆನ್ನು ನೋಡಿಕೊಂಡು ಕೂರಲಾರೆ. ಮಾರಿಯಪ್ಪ ಈಗ ಸ್ಟ್ಯಾಂಡಿನಲ್ಲಿ ಕಾಣಿಸುವುದಿಲ್ಲ. ಒಳ್ಳೆಯದಾಯಿತು.

ಕೃಷ್ಣಪ್ರಸಾದ್


ಸೇಲಂ
೨೪ ಆಗಸ್ಟ್ ೧೯೯೭

ಇವರಿಗೆ,

ಜುಲೈ ಕಾಗದಕ್ಕೆ ಉತ್ತರ ಬರೆಯಲಿಲ್ಲ. ನಾಲ್ಕೈದು ಸಲ ಶುರು ಮಾಡಿ ಹರಿದೆ. ಇದನ್ನು ಹರಿಯುವುದಿಲ್ಲ.

ಮೊನ್ನೆ ಮಾರಿಯಪ್ಪನ ಹೆಂಡತಿ ತಂಗಮ್ಮ ಬಂದಿದ್ದಳು. ವಿಳಾಸ ಕೇಳಿಕೊಂಡು ತಾರಮಂಗಲಂನಿಂದ ಬಸ್ಸಿನಲ್ಲಿ ಬಂದವಳು ಹೊರಜಗುಲಿಯ ಮೇಲೇ ಕೂತಳು, ಎಷ್ಟು ಕರೆದರೂ ಒಳಗೆ ಬರಲಿಲ್ಲ. ಅಮ್ಮ ಕಾಫಿ ಕೊಟ್ಟು ಒಳಗೆ ಹೋದಳು.

"ಅಮ್ಮಾ, ನಿಮ್ತಾವ ಕೇಳ್ಬಾರ್ದು, ಗೊತ್ತೈತೆ," ಎಂದಳು ತಂಗಮ್ಮ. "ಕಾಲೇಜ್‌ನೋರು ಯಾರೂ ನಮ್ಮೋರ್ನ ಕರೀತಿಲ್ಲ. ಆಸ್ಪತ್ರೆ ಸವಾರಿನೂ ನಿಂತೋಯ್ತು. ವಂಡಿ ಮಾರ್ಬುಟ್ರು. ಈಗ ನಮ್ಮಣ್ಣನ ಮನೆ ಮಗ್ಗದಾಗೆ ಕುಂತವ್ರೆ. ಅದ್ಕೂ ಬೇಜಾರಿಲ್ಲ, ಮಗ್ಗ ನಮ್ ಕುಲದ ಕೆಲ್ಸ. ಆದ್ರೆ ಅವ್ರು ಮಾತೇ ಆಡಲ್ಲ. ಸಾರ್ ಒಂದ್ಸಲ ಬಂದು, ನಿನ್ ತಪ್ಪಲ್ಲ ಮಾರಿಯಪ್ಪ ಅಂದ್ರೆ ಸಾಕು."

ಕಾಫಿ ಆರುತ್ತದೆ, ಕುಡಿ ಎಂದೆ.

"ಆ ವಕೀಲರ ಕಾರ್ನಾಗೆ ಸಾರ್ ವಾರ ವಾರ ಘಾಟಿಗೆ ಓಗ್ತಾ ಅವ್ರಂತಲ್ಲ? ಲಾರಿ ಸಾಲ್ನಾಗೆ ನುಗ್ಸಿ, ಮುಂದೆ ಓಗಿ, ತಿರುಗ್ಸ್ಕಂಡು ಮತ್ತೆ ಬರ್ತಾರಂತೆ. ಸ್ಟ್ಯಾಂಡ್‌ನೋರು ಏಳ್ತಾರೆ. ಬ್ಯಾಡ ಅನ್ನಿ ಅಮ್ಮಾ, ಪಯಮಾ ಇರುಕ್ಕು, ಎದ್ರಿಕೆ ಆಯ್ತದೆ."

ನೀವು ಒಂದೇ ಸಲ ಹೋಗಿದ್ದಿರಿ ಎಂದುಕೊಂಡಿದ್ದೆ. ಹೊಸ ಕಾರಿನ ಖುಷಿಗೆ ಹೋಗಿದ್ದಿರಿ ಎಂದು ಮೊದಲು ತಿಳಿದಿದ್ದೆ.

ಆಗ ತಂಗಮ್ಮನಿಗೆ ಹೇಳಿಬಿಟ್ಟೆ. ನಿಮಗೆ ಹೇಳುವ ಮೊದಲು ಅವಳಿಗೆ ಹೇಳಿದ್ದಕ್ಕೆ ಕ್ಷಮಿಸಿ. ಅದನ್ನೇ ಈಗ ನಿಮಗೆ ಬರೆಯುತ್ತಿದ್ದೇನೆ.

ಅಂದು ಆಸ್ಪತ್ರೆಯಲ್ಲಿ ನೀವು ಔಷಧಿ ತರಲು ಕೆಳಗೆ ಹೋಗಿದ್ದಿರಿ. ದೊಡ್ಡ ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು, ಮಗು ದಾರಿಯಲ್ಲಿ ಹೋದದ್ದಲ್ಲ, ಹಿಂದಿನ ದಿನವೇ ಹೋಗಿತ್ತು ಎಂದು. ಯಾರ ತಪ್ಪೂ ಅಲ್ಲ, ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು ಎಂದರು. ನಾವು ಮನೆಯಿಂದ ಹೊರಟಾಗಲೇ ಏನೂ ಉಳಿದಿರಲಿಲ್ಲ. ವಿಮಾನದಲ್ಲಿ ಬಂದಿದ್ದರೂ ಅಷ್ಟೆ.

ಹಿಂದಿನ ದಿನ ಅದು ಮಿಸುಕಿರಲಿಲ್ಲ. ಮಲಗಿದೆ ಎಂದುಕೊಂಡಿದ್ದೆ. ನೀವು ಕಾಲೇಜಿನಿಂದ ಬಂದು "ಏನಂತಾನೆ ನಮ್ಮ ರಾಯ?" ಎಂದು ಕೇಳಿದಾಗ "ನಿದ್ದೆ" ಎಂದೆ. ನಿಮಗೆ ನೆನಪಿರಬಹುದು.

ಡಾಕ್ಟರಮ್ಮ ಹೇಳಿ ಮುಗಿಸುವ ಹೊತ್ತಿಗೆ ಹೊರಗೆ ನೀವು ಮಾರಿಯಪ್ಪನ ಮೇಲೆ ಕೂಗಾಡುವುದು ಕೇಳಿಸುತ್ತಿತ್ತು. ಬೈಯಲಿ, ಅವರಿಗೆ ಬೈಯಲು ಏನಾದರೂ ಇರಲಿ ಎನಿಸಿತು. ಘಾಟಿ ಇದೆ, ಲಾರಿಗಳಿವೆ. ಅದನ್ನು ಕಿತ್ತುಕೊಂಡರೆ ನಿಮಗೆ ಏನುಳಿಯುತ್ತದೆ? ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಹೇಳಲಿಲ್ಲ. ಆಮೇಲೆ ಹೇಳುವುದು ಕಷ್ಟವಾಗುತ್ತಾ ಹೋಯಿತು. ಆಮೇಲೆ ಏನೂ ಅನಿಸುವುದೇ ನಿಂತುಹೋಯಿತು, ಕಷ್ಟವೂ ಅನಿಸಲಿಲ್ಲ. ಅಮ್ಮನಿಗೂ ಹೇಳಿಲ್ಲ.

ತಂಗಮ್ಮ ಲೋಟ ಕೆಳಗಿಟ್ಟಳು. ತನ್ನ ಗಂಡನ ಮೇಲಿನ ಅಪವಾದ ತಪ್ಪಿತಲ್ಲ ಎಂದು ಸಮಾಧಾನಪಡುತ್ತಾಳೆ ಎಂದುಕೊಂಡಿದ್ದೆ. ಅವಳು, "ಇಷ್ಟ್ ದಿನ ಇದ್ನ ಒಬ್ಳೇ ಒತ್ಕಂಡಿದ್ಯಾ ಕಣ್ಣೂ?" ಎಂದಳು. ಅಲ್ಲಿಯವರೆಗೆ ನೀವು ಎನ್ನುತ್ತಿದ್ದವಳು. ಎದ್ದು ಹೊರಡುವಾಗ, "ಸಾರ್‌ಗೆ ಏಳು. ನಮ್ಗೋಸ್ಕರ ಅಂತಲ್ಲ. ಅವ್ರು ಅಲ್ಲೇ ಸುತ್ತಾ ಅವ್ರೆ, ನೀನು ಇಲ್ಲೇ ಕುಂತಿದ್ದೀಯ," ಎಂದಳು.

ಹೇಳಿದ್ದೇನೆ.

ಆರತಿ


ಧರ್ಮಪುರಿ
೨೧ ಸೆಪ್ಟೆಂಬರ್ ೧೯೯೭

ಆರತಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಸುಳ್ಳು ಬರೆಯುವುದಿಲ್ಲ. ನಿನ್ನ ಮೇಲೆ ಸಿಟ್ಟು ಬಂತು. ಇಷ್ಟು ತಿಂಗಳು ನಾನು ಒಬ್ಬ ನಿರಪರಾಧಿಯನ್ನು ಅಟ್ಟಿಸಿಕೊಂಡು ಹೋದೆ, ನೀನು ನೋಡುತ್ತಾ ಕೂತೆ ಎನಿಸಿತು. ಪೆನ್ನು ಹಿಡಿದಾಗಲೆಲ್ಲ ಅದೇ ಬರುತ್ತಿತ್ತು, ಅದಕ್ಕೇ ಬರೆಯಲಿಲ್ಲ. ಆಮೇಲೆ ಇನ್ನೊಂದು ಯೋಚನೆ ಬಂತು. ಅಂದೇ ನೀನು ಹೇಳಿದ್ದರೆ, ಹಿಂದಿನ ದಿನ ಮಿಸುಕಲಿಲ್ಲವೆಂದು ಯಾಕೆ ಹೇಳಲಿಲ್ಲ ಎಂದು ಆ ಹಾಸಿಗೆಯ ಪಕ್ಕ ನಿಂತು ನಿನ್ನನ್ನೇ ಕೇಳುತ್ತಿದ್ದೆ. ಮಾರಿಯಪ್ಪನ ಮೇಲೆ ಕೂಗಿದ ಹಾಗೆಯೇ ಕೂಗುತ್ತಿದ್ದೆ. ನಿನಗೆ ಅದು ಗೊತ್ತಿತ್ತು. ಅದನ್ನು ನೀನು ಬರೆದಿಲ್ಲ, ಅಷ್ಟೆ.

ಕಳೆದ ವಾರ ತಾರಮಂಗಲಂಗೆ ಹೋಗಿದ್ದೆ. ಬಸ್ಸಿನಲ್ಲೇ ಹೋದೆ. ದೇವಸ್ಥಾನದ ಹಿಂದಿನ ಬೀದಿ, ಎರಡೂ ಕಡೆ ಮಗ್ಗದ ಸದ್ದು. ಮಾರಿಯಪ್ಪ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದ. ನನ್ನನ್ನು ನೋಡಿ ಲಾಳಿ ನಿಲ್ಲಿಸಿದ.

"ಬನ್ನಿ ಸಾರ್, ಕುಂತ್ಕಳಿ."

"ತಪ್ಪು ನಿನ್ನದಲ್ಲ ಮಾರಿಯಪ್ಪ. ನನಗೆ ಈಗ ಗೊತ್ತಾಯಿತು," ಎಂದೆ. ದಾರಿಯುದ್ದಕ್ಕೂ ಬೇರೇನೇನೋ ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಬಂದದ್ದು ಇಷ್ಟೇ.

"ನಂಗೆ ಆವತ್ತೇ ಗೊತ್ತಿತ್ತು ಸಾರ್," ಎಂದ. ಕೋಪದಿಂದೇನೂ ಅಲ್ಲ. "ನಾಕ್ ದಿನ ಬೈತಾರೆ, ಬೈಲಿ, ದುಕ್ಕ ಅಂದ್ಕಂಡೆ. ನೀವು ಬಿಡ್ಲೇ ಇಲ್ಲ."

ಕಾಲೇಜಿನಲ್ಲಿ ಎಲ್ಲರಿಗೂ ಹೇಳುತ್ತೇನೆ, ಮತ್ತೆ ಗಾಡಿ ಹಾಕಿಕೋ, ಸಹಾಯ ಮಾಡುತ್ತೇನೆ ಎಂದೆ. ತಲೆಯಾಡಿಸಿದ.

"ಏಳಾದಾದ್ರೆ ಏಳಿ ಸಾರ್, ನನ್ ಎಸ್ರು ಸರಿಯಾಗ್ಲಿ. ವಂಡಿ ಮಾತ್ರ ಬ್ಯಾಡ. ಸ್ಟೇರಿಂಗ್ ಇಡಿದ್ರೆ ಇಂದ್ಗಡೆಯಿಂದ ಅಮ್ಮ ನರಳ್ದಂಗೆ ಕೇಳ್ತೈತೆ. ಯಾರೇ ಕುಂತಿರ್ಲಿ, ಅಂಗೇ ಕೇಳ್ತೈತೆ. ಆವತ್ತು ಲಾರಿ ಇಂದೆ ನಿಂತಾಗ ನಾನೂ ಅಳ್ತಾ ಇದ್ದೆ ಸಾರ್. ನೀವು ನನ್ ಬೆನ್ ನೋಡ್ತಿದ್ರಿ. ಮೊಕ ಕಾಣ್ಲಿಲ್ಲ ನಿಮ್ಗೆ."

ತಂಗಮ್ಮ ಮಜ್ಜಿಗೆ ಕೊಟ್ಟಳು. ಕುಡಿದೆ. ಅವನು ಮತ್ತೆ ನೇಯತೊಡಗಿದ. ನಾನು ಎದ್ದು ಬಂದೆ. ಅವನು ನನ್ನನ್ನು ಕ್ಷಮಿಸಿದನೋ ಇಲ್ಲವೋ ತಿಳಿಯದು. ಕೇಳುವ ಧೈರ್ಯ ಬರಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಹೇಳಿದೆ, ಮಾರಿಯಪ್ಪನ ಬಗ್ಗೆ ನಾನು ಹೇಳಿದ್ದೆಲ್ಲ ತಪ್ಪು ಎಂದು. ಡಾಕ್ಟರುಗಳ ಮನೆಗಳಿಗೂ ಹೋಗಿ ಬಂದೆ. ಯಾರೂ ಏನೂ ಕೇಳಲಿಲ್ಲ.

ಇನ್ನು ಆ ಕಾರು. ಗೋವಿಂದಪ್ಪನವರಿಂದ ಕೇಳಿ ಪಡೆದು ವಾರ ವಾರ ಘಾಟಿಗೆ ಹೋಗುತ್ತಿದ್ದದ್ದು ನಿಜ. ಪ್ರತಿ ಸಲವೂ ದಾಟುತ್ತಿದ್ದೆ. ದಾಟಿದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ತಿರುಗಿಸಿಕೊಂಡು ಬರುತ್ತಿದ್ದೆ. ಈಗ ವೇಗವನ್ನು ಲೆಕ್ಕದಿಂದ ತೆಗೆದುಹಾಕಿ ನೋಡಿದರೆ ಅದರ ಪರವಾಗಿ ಹೇಳಲು ಹೆಚ್ಚೇನಿಲ್ಲ. ತಗ್ಗು, ಇಕ್ಕಟ್ಟು, ಕೆಂಪು. ನೀನು ಜೂನ್‌ನಲ್ಲಿ ಬರೆದದ್ದೆಲ್ಲ ಸರಿ. ಬೇಡವೆಂದರೆ ಮುಂಗಡ ವಾಪಸು ಕೊಡುತ್ತೇನೆ ಎಂದಿದ್ದಾರೆ ಗೋವಿಂದಪ್ಪನವರು, ಒಳ್ಳೆಯ ಮನುಷ್ಯ. ನೀನು ಹೇಳಿದ ಹಾಗೆ ಮಾಡುತ್ತೇನೆ.

ನೀನು ಯಾವಾಗ ಬರುತ್ತೀಯ ಎಂದು ಕೇಳುವುದಿಲ್ಲ.

ಕೃಷ್ಣಪ್ರಸಾದ್


ಸೇಲಂ
೨೭ ಸೆಪ್ಟೆಂಬರ್ ೧೯೯೭

ಇವರಿಗೆ ನಮಸ್ಕಾರಗಳು.

ಅಮ್ಮನಿಗೆ ಹೇಳಿದೆ. ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತಳು. ಅಂದು ನಮಗೆ ಅಡಿಗೆ ತಡವಾಯಿತು. ಈಗ ಅವಳು ಅಕ್ಕಿ ಆರಿಸಲು ಕೊಡುವುದನ್ನು ಬಿಟ್ಟಿದ್ದಾಳೆ.

ನಿಮಗೆ ಸಿಟ್ಟು ಬಂದದ್ದನ್ನು ಬರೆದದ್ದು ಒಳ್ಳೆಯದಾಯಿತು. ಬಂದಿಲ್ಲವೆಂದು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಕಾರನ್ನು ತೆಗೆದುಕೊಳ್ಳಿ.

ನಾನೂ ಕೂತು ಯೋಚಿಸಿದೆ. ಮೊನ್ನೆ ಅಮ್ಮನ ಜೊತೆ ನಂಗವಳ್ಳಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ಯಾವ ಊರು, ಎಷ್ಟು ಮಕ್ಕಳು ಎಂದು ಕೇಳಿದಳು. ಒಳ್ಳೆಯ ಹೆಂಗಸೇ. ಕೇಳುವುದು ವಾಡಿಕೆ. ನಾನು ಉತ್ತರ ಹುಡುಕುವಷ್ಟರಲ್ಲಿ ಅಮ್ಮ ಏನೋ ಹೇಳಿದಳು. ಧರ್ಮಪುರಿಯವರೆಗೂ ಹಾಗೆ ಕೂತು ಬರಲಾರೆ. ಆ ಕಾರಿನಲ್ಲಿ ನಾವಿಬ್ಬರೇ ಇರುತ್ತೇವೆ, ಕೇಳುವವರಿಲ್ಲ. ಕಿಟಕಿ ಏರಿಸಿಕೊಂಡರೆ ಹೊರಗೆ ಏನೂ ಕೇಳಿಸುವುದಿಲ್ಲ. ನನಗೆ ಮಾರ್ಚ್‌ನಿಂದ ಅಳು ಬಂದಿಲ್ಲ. ಬಂದರೆ ಅದಕ್ಕೊಂದು ಜಾಗ ಬೇಕಲ್ಲ. ಇಕ್ಕಟ್ಟಾದರೂ ಆದೀತು.

ಮುಂದಿನ ಭಾನುವಾರ ಬನ್ನಿ. ಊಟಕ್ಕೆ ನಿಲ್ಲಬೇಡಿ, ಅಮ್ಮ ಕಟ್ಟಿಕೊಡುತ್ತಾಳೆ. ಹೊತ್ತಿರುವಾಗಲೇ ಹೊರಡೋಣ. ಘಾಟಿಯಲ್ಲಿ ಲಾರಿಗಳು ಇದ್ದರೆ ಹಿಂದೆಯೇ ಹೋಗಿ. ನಿಲ್ಲಿಸಿ ಎಂದರೆ ನಿಲ್ಲಿಸಿ.

ಆರತಿ


ಧರ್ಮಪುರಿ
೬ ಅಕ್ಟೋಬರ್ ೧೯೯೭

ಅಮ್ಮನಿಗೆ ಆರತಿಯ ನಮಸ್ಕಾರಗಳು.

ನಿನ್ನೆ ಸಂಜೆಗೆ ಮೊದಲೇ ಬಂದು ತಲುಪಿದೆವು. ಕಾರು ಚೆನ್ನಾಗಿದೆ. ನೀನು ಹೆದರಿದಷ್ಟು ತಗ್ಗೇನಿಲ್ಲ.

ತೊಪ್ಪೂರು ಘಾಟಿಯಲ್ಲಿ ಅವರು ಒಂದು ಸಿಮೆಂಟು ಲಾರಿಯ ಹಿಂದೆ ಮೆಲ್ಲಗೆ ಹತ್ತಿಸಿಕೊಂಡು ಬಂದರು. ಘಾಟಿ ಮುಗಿದ ಮೇಲೆ ನಾನು ಹೇಳದಿದ್ದರೂ ಒಂದು ಹುಣಸೆಮರದ ಕೆಳಗೆ ನಿಲ್ಲಿಸಿದರು. ಕಿಟಕಿ ಏರಿಸಿದರು. ನಾನು ಅಳುತ್ತೇನೆಂದು ಕಾದುಕೊಂಡಿದ್ದೆ. ಅತ್ತದ್ದು ಅವರು. ಮದುವೆಯಾದಾಗಿನಿಂದ ನೋಡಿರಲಿಲ್ಲ. ಸ್ಟೇರಿಂಗ್ ಮೇಲೆ ತಲೆಯಿಟ್ಟುಕೊಂಡು ಬಹಳ ಹೊತ್ತು ಅತ್ತರು. ನಾನು ಬೆನ್ನು ಸವರುತ್ತಿದ್ದೆ. ನನಗೆ ಬರಲಿಲ್ಲ ಅಮ್ಮ. ಇನ್ನೂ ಬಂದಿಲ್ಲ. ಅವರಿಗೆ ಹಾಗೆಂದೇ ಹೇಳಿದೆ. "ಬಂದಾಗ ಬರಲಿ, ಅವಸರವಿಲ್ಲ," ಎಂದರು.

ಆಮೇಲೆ ನನಗೆ ಹಸಿವಾಯಿತು. ಊಟದ ಹೊತ್ತಾಯಿತೆಂದು ಉಣ್ಣುವುದಲ್ಲ, ನಿಜವಾಗಿ ಹಸಿವಾಯಿತು. ನೀನು ಕಟ್ಟಿಕೊಟ್ಟ ಪುಳಿಯೋಗರೆಯನ್ನು ಅಲ್ಲೇ ಬಿಚ್ಚಿ ಇಬ್ಬರೂ ತಿಂದೆವು. ಅವರಿಗೆಂದು ಇಟ್ಟಿದ್ದರಲ್ಲೂ ಅರ್ಧ ನಾನೇ ತಿಂದೆ.

ಆರತಿ